ಮುಟ್ಟಿಗೆ ಮುಂಚಿನ ದಿನಗಳ ದಿನಚರಿ: ಅದು ಯಾರ ಮಾತಿನಲ್ಲಿರಬೇಕು?

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಯಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ಎಂದರೆ ನೆನಪು, ಹೇಳಿದಂತೆ ನಡೆಯುವಿಕೆ, ಅಂಜದಿರುವಿಕೆ ಮತ್ತು ತನ್ನ ಬೇನೆಯನ್ನು ಎದುರಿಗಿದ್ದವರಿಗೆ ತಿಳಿಯುವಂತೆ ಹೇಳಬಲ್ಲ ಶಕ್ತಿ. ಮುಟ್ಟಿಗೆ ಸಂಬಂಧಿಸಿದ ಬೇನೆಗಳಲ್ಲಿ ಈ ಗುಣಗಳು ನಮ್ಮ ತಾಯಂದಿರಿಗೆ ಒದಗುವುದು ಕಷ್ಟ. ಕಳೆದ ತಿಂಗಳು ಯಾವ ದಿನ ಎಷ್ಟು ತ್ರಾಸವಾಯಿತೆಂಬುದು ಯಾರಿಗೂ ನೆನಪಿರುವುದಿಲ್ಲ. ಹೇಳಲು ಸಂಕೋಚ, ಹೇಳಿದರೆ ಮನೆಯವರು ಏನೆಂದಾರೋ ಎಂಬ ಅಂಜಿಕೆ. ಹೇಳಬೇಕೆಂದರೂ ಸರಿಯಾದ ಮಾತು ಸಿಗುವುದಿಲ್ಲ. ಈ ಕೊರತೆಗಳನ್ನು ಒಂದು ಸಣ್ಣ ದಿನಚರಿ ಬಹುಮಟ್ಟಿಗೆ ತುಂಬಿಕೊಡುತ್ತದೆ. ಆದರೆ ಅದು ಅವರ ಮಾತಿನಲ್ಲಿ, ಅವರ ಬದುಕಿಗೆ ಹೊಂದುವಂತೆ ಇರಬೇಕು. ಈ ತಿಂಗಳ ಲೇಖನದ ವಿಷಯ ಇದೇ.

ಏನಿದು ತೊಂದರೆ?

ಮುಟ್ಟು ಬರುವುದಕ್ಕೆ ಒಂದೆರಡು ವಾರ ಮುಂಚೆ ಹಲವು ಹೆಣ್ಣುಮಕ್ಕಳಲ್ಲಿ ಕೆಲವು ಲಕ್ಷಣಗಳು ತೋರುತ್ತವೆ. ಎದೆ ಬಿಗಿಯುವುದು, ಹೊಟ್ಟೆ ಉಬ್ಬುವುದು, ತಲೆನೋವು, ಕೈಕಾಲು ಹರಿಯುವುದು, ನಿದ್ರೆ ಕೆಡುವುದು, ಕಾರಣವಿಲ್ಲದೆ ಅಳು, ಸಣ್ಣ ಮಾತಿಗೂ ಸಿಟ್ಟು. ಮುಟ್ಟು ಆರಂಭವಾಗಿ ಕೆಲವೇ ದಿನಗಳಲ್ಲಿ ಇವೆಲ್ಲ ತಾವಾಗಿಯೇ ಇಳಿಯುತ್ತವೆ. 1931ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ಫ್ರಾಂಕ್ ಇದನ್ನು ವೈದ್ಯಪತ್ರಿಕೆಯಲ್ಲಿ ವಿವರಿಸಿದರು. 1953ರಲ್ಲಿ ಇಂಗ್ಲೆಂಡಿನ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಇದಕ್ಕೆ ‘ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್’ ಎಂಬ ಹೆಸರು ಬಳಸಿದರು. ಪಿ.ಎಂ.ಎಸ್. ಎಂದು ಇಂದು ಕರೆಯುವುದು ಇದನ್ನೇ. ಇದರ ತೀವ್ರ ರೂಪದಲ್ಲಿ ಮನಸ್ಸಿನ ಲಕ್ಷಣಗಳು ಪ್ರಧಾನವಾಗಿ, ಬದುಕನ್ನೇ ಅಸ್ತವ್ಯಸ್ತಗೊಳಿಸುತ್ತವೆ. ಅದಕ್ಕೆ ಪಿ.ಎಂ.ಡಿ.ಡಿ. ಎಂದು ಹೆಸರು. 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗಸೂಚಿಯಲ್ಲಿ ಅದಕ್ಕೆ ಸ್ವತಂತ್ರ ಸ್ಥಾನ ದೊರೆಯಿತು.

ಅಂಡಾಣು ಬಿಡುಗಡೆಯಾದ ಮೇಲೆ ಶರೀರದಲ್ಲಿ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಏರಿ, ಮುಟ್ಟಿಗೆ ಮುಂಚೆ ಇಳಿಯುತ್ತದೆ. ಈ ಏರಿಳಿತ ಎಲ್ಲ ಸ್ತ್ರೀಯರಲ್ಲೂ ಉಂಟು. ಕೆಲವರ ಮಿದುಳು ಮಾತ್ರ ಅದಕ್ಕೆ ಹೆಚ್ಚು ಸೂಕ್ಷ್ಮವಾಗಿ ಪ್ರತಿಕ್ರಿಯಿಸುತ್ತದೆ. ಆದ್ದರಿಂದ ರಕ್ತ ಪರೀಕ್ಷೆಯಲ್ಲಿ ಹಾರ್ಮೋನಿನ ಪ್ರಮಾಣ ಸರಿಯಾಗಿಯೇ ಕಾಣಬಹುದು, ತೊಂದರೆ ಮಾತ್ರ ನಿಜವಾಗಿಯೇ ಇರುತ್ತದೆ. ಆಯುರ್ವೇದದ ಗ್ರಂಥಗಳಲ್ಲಿ ಇದೇ ಹೆಸರಿನ ಪ್ರತ್ಯೇಕ ವ್ಯಾಧಿಯಿಲ್ಲ. ಆರ್ತವದ ಪ್ರವೃತ್ತಿಯನ್ನು ನಡೆಸುವ ಅಪಾನವಾಯುವಿನ ವೈಗುಣ್ಯ, ಅದರೊಡನೆ ಪಿತ್ತ ಅಥವಾ ಕಫದ ಸಂಬಂಧ ಎಂಬ ನೆಲೆಯಲ್ಲಿ ನಾವು ಇದನ್ನು ಅರಿಯುತ್ತೇವೆ.

ನೆನಪು ಸಾಲದು, ಬರೆಹ ಬೇಕು

ವಾಗ್ಭಟನು ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳನ್ನು ಹೇಳಿದ್ದಾನೆ. ಪಿ.ಎಂ.ಎಸ್.ನಲ್ಲಿ ಕಣ್ಣಿಗೆ ಕಾಣುವುದು ಸ್ವಲ್ಪ, ಕೈಗೆ ಸಿಗುವುದು ಇನ್ನೂ ಸ್ವಲ್ಪ. ಸ್ಕ್ಯಾನಿಂಗಿನಲ್ಲಿಯೂ ಅದು ಕಾಣದು. ಉಳಿಯುವುದು ಪ್ರಶ್ನೆಯೊಂದೇ. ಆದರೆ ‘ಮುಟ್ಟಿಗೆ ಮುಂಚೆ ನಿಮಗೆ ಸಿಟ್ಟು ಬರುತ್ತದೆಯೇ?’ ಎಂದು ಕೇಳಿದರೆ ಬಹುತೇಕರು ಹೌದೆನ್ನುತ್ತಾರೆ. ಸಿಟ್ಟು ತಿಂಗಳ ಉಳಿದ ದಿನಗಳಲ್ಲಿಯೂ ಅಷ್ಟೇ ಇತ್ತೇ ಎಂಬುದು ಆ ಉತ್ತರದಿಂದ ತಿಳಿಯದು. ನೆನಪು ನೋವಿನ ದಿನವನ್ನು ದೊಡ್ಡದು ಮಾಡಿ, ನೆಮ್ಮದಿಯ ದಿನವನ್ನು ಮರೆಸುತ್ತದೆ.

ಈ ಕಾರಣದಿಂದ, ಸತತ ಎರಡು ಋತುಚಕ್ರಗಳ ಕಾಲ ಅಂದಂದಿನ ಲಕ್ಷಣವನ್ನು ಅಂದಂದೇ ಗುರುತು ಹಾಕಿಸಿ ನೋಡಿದ ಮೇಲೆಯೇ ಪಿ.ಎಂ.ಡಿ.ಡಿ. ಎಂದು ಖಚಿತಪಡಿಸಬೇಕೆಂಬ ನಿಯಮವಿದೆ. ಇದಕ್ಕಾಗಿ ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ದಿನಚರಿಯನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಜೀನ್ ಎಂಡಿಕಾಟ್ ಹಾಗೂ ಸಂಗಡಿಗರು ರೂಪಿಸಿದರು. ಅದರ ವಿಶ್ವಾಸಾರ್ಹತೆಯ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಡಿ.ಆರ್.ಎಸ್.ಪಿ. ಎಂಬ ಈ ದಿನಚರಿಯಲ್ಲಿ ಲಕ್ಷಣಗಳನ್ನು ಕುರಿತ 21 ಸಾಲುಗಳಿವೆ. ಕೆಲಸ, ಹವ್ಯಾಸ ಹಾಗೂ ಬಾಂಧವ್ಯಗಳಿಗೆ ಆದ ಅಡಚಣೆಯನ್ನು ಕೇಳುವ 3 ಸಾಲುಗಳಿವೆ. ಒಂದೊಂದಕ್ಕೂ ದಿನವೂ 1ರಿಂದ 6ರವರೆಗೆ ಅಂಕ ಕೊಡಬೇಕು. 1 ಎಂದರೆ ಏನೂ ಇಲ್ಲ, 6 ಎಂದರೆ ಅತ್ಯಂತ ತೀವ್ರ.

ಜಪಾನಿನಲ್ಲಿ ನಡೆದ ಕೆಲಸ

ಇಂಗ್ಲಿಷಿನಲ್ಲಿ ಹುಟ್ಟಿದ ದಿನಚರಿಯನ್ನು ಬೇರೆ ನುಡಿಯ ಸ್ತ್ರೀಯರಿಗೆ ಒಗ್ಗಿಸುವುದು ಹೇಗೆಂಬುದಕ್ಕೆ ಜಪಾನು ಒಳ್ಳೆಯ ನಿದರ್ಶನ. ಅಲ್ಲಿ ವೈದ್ಯರ ತಂಡವೊಂದು 1,187 ಸ್ತ್ರೀಯರನ್ನು ಜಪಾನೀ ಪ್ರಶ್ನಾವಳಿಯ ಮೂಲಕ ವಿಚಾರಿಸಿ 2006ರಲ್ಲಿ ವರದಿ ನೀಡಿತು. ನೂರಕ್ಕೆ 5.3 ಮಂದಿಯಲ್ಲಿ ಮಧ್ಯಮದಿಂದ ತೀವ್ರ ಸ್ವರೂಪದ ಪಿ.ಎಂ.ಎಸ್., 1.2 ಮಂದಿಯಲ್ಲಿ ಪಿ.ಎಂ.ಡಿ.ಡಿ. ಕಂಡುಬಂದಿತು. ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ ಇದಕ್ಕಿಂತ ಹೆಚ್ಚು. ಜಪಾನಿನ ಸ್ತ್ರೀಯರಿಗೆ ತೊಂದರೆಯೇ ಕಡಿಮೆಯೋ, ಹೇಳಿಕೊಳ್ಳುವುದು ಕಡಿಮೆಯೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನಾವಳಿಯು ನೆನಪನ್ನು ಅವಲಂಬಿಸಿತ್ತು. ಬಳಿಕ ಕ್ಯೋಟೋ ವಿಶ್ವವಿದ್ಯಾಲಯದ ವೈದ್ಯರು ಎಂಡಿಕಾಟ್ ಅವರ ದಿನಚರಿಯ ಜಪಾನೀ ರೂಪವನ್ನು ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದರು.

ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಮೂಲಕರ್ತರ ಅನುಮತಿ ಪಡೆಯಬೇಕು. ಎರಡೂ ಭಾಷೆ ಬಲ್ಲವರು ಬೇರೆಬೇರೆಯಾಗಿ ಅನುವಾದಿಸಿ, ಕೂಡಿ ಕುಳಿತು ಒಂದು ಪಾಠವನ್ನು ನಿರ್ಣಯಿಸಬೇಕು. ಮೂಲವನ್ನು ಕಾಣದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರಬೇಕು. ಅರ್ಥ ಎಲ್ಲಿ ಜಾರಿತೆಂಬುದು ಆಗ ಗೊತ್ತಾಗುತ್ತದೆ. ಅನಂತರ ಕೆಲವು ಸ್ತ್ರೀಯರ ಕೈಗೆ ಅದನ್ನು ಕೊಟ್ಟು, ‘ಈ ಸಾಲಿನಿಂದ ನಿಮಗೆ ಏನು ತಿಳಿಯಿತು?’ ಎಂದು ಕೇಳಬೇಕು. ಕೊನೆಗೆ ಹೆಚ್ಚು ಜನರಿಂದ ದಿನಚರಿ ಬರೆಸಿ, ಅಂಕಗಳನ್ನು ಗಣಿತದಿಂದ ಒರೆಗೆ ಹಚ್ಚಬೇಕು.

ಇಷ್ಟೆಲ್ಲ ಏಕೆ ಬೇಕೆಂದರೆ, ಶರೀರ ಎಲ್ಲೆಡೆ ಒಂದೇ ಆದರೂ ಅದರ ಬೇನೆಯನ್ನು ಆಡುವ ಮಾತು ಒಂದೇ ಅಲ್ಲ. ಹೆಗಲು ಬಿಗಿದು ಗಟ್ಟಿಯಾಗುವುದಕ್ಕೆ ಜಪಾನಿನಲ್ಲಿ ‘ಕಾತಾಕೋರಿ’ ಎಂಬ ಪ್ರತ್ಯೇಕ ಪದವೇ ಇದೆ, ಮತ್ತು ಅಲ್ಲಿಯ ಸ್ತ್ರೀಯರು ಹೇಳಿಕೊಳ್ಳುವ ತೊಂದರೆಗಳಲ್ಲಿ ಅದು ಮುಂಚೂಣಿಯಲ್ಲಿದೆ. ಒಳಗೊಳಗೇ ಸಿಡಿಮಿಡಿಗೊಳ್ಳುವುದಕ್ಕೆ ‘ಇರಾಇರಾ’ ಎನ್ನುತ್ತಾರೆ. ತೋರಗೊಡದೆ ಸಹಿಸುವುದಕ್ಕೆ ‘ಗಾಮಾನ್’ ಎಂದು ಹೆಸರು, ಅದನ್ನು ಸದ್ಗುಣವೆಂದೇ ಎಣಿಸುತ್ತಾರೆ. ಸಹನೆಯೇ ಶೋಭೆ ಎಂದು ಕಲಿತು ಬೆಳೆದವಳು ಕಾಗದದ ಮೇಲೆಯೂ ಅಂಕ ಕಡಿಮೆ ಹಾಕುವ ಸಂಭವವುಂಟು. ಈ ಮಾತು ನಮ್ಮ ಮನೆಗಳಿಗೂ ಸಲ್ಲುವುದಿಲ್ಲವೇ?

ನಮ್ಮ ಸೀಮೆಗೆ ಬಂದಾಗ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆಯಲ್ಲಿ ಒಂದೇ ಮಾತಿನ ಜನರಿಲ್ಲ. ಹೊಲದ ಕನ್ನಡ ಒಂದು, ಪುಸ್ತಕದ ಕನ್ನಡ ಇನ್ನೊಂದು. ಓಣಿಗಳಲ್ಲಿ ದಖನಿ ಉರ್ದು, ಗಡಿಯ ಹಳ್ಳಿಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಸಿಮೆಂಟು ಕಾರ್ಖಾನೆಗಳ ಕಾಲನಿಗಳಲ್ಲಿ ಹಿಂದಿ. ಇಲ್ಲಿ ದಿನಚರಿಯನ್ನು ನಿಘಂಟು ಹಿಡಿದು ಅನುವಾದಿಸಿದರೆ ಏನಾಗುತ್ತದೆಂಬುದಕ್ಕೆ ಕೆಲವು ಉದಾಹರಣೆಗಳನ್ನು ಕೊಡುತ್ತೇನೆ.

ಮೂಲದಲ್ಲಿ ‘ಓವರ್‌ವೆಲ್ಮ್ಡ್’ ಎಂಬ ಪದವಿದೆ. ಎಲ್ಲವೂ ಮೈಮೇಲೆ ಬಿದ್ದಂತಾಗಿ ನಿಭಾಯಿಸಲಾಗದ ಸ್ಥಿತಿ ಎಂದು ಅಲ್ಲಿಯ ಅರ್ಥ. ಕನ್ನಡದಲ್ಲಿ ಅದಕ್ಕೆ ‘ಭಾವಪರವಶ’ ಎಂದು ಬರೆದರೆ, ಭಜನೆಯಲ್ಲಿ ಕಣ್ಣು ತುಂಬಿ ಬಂದ ತಾಯಿ ಅದಕ್ಕೆ ಆರು ಅಂಕ ಹಾಕಿಯಾಳು! ಇಲ್ಲಿಯ ಮಾತು ‘ಯಾವುದೂ ನೀಗವಲ್ದು’ ಎಂಬುದು. ಮುಟ್ಟಿಗೆ ಮುಂಚೆ ಸಿಹಿಯನ್ನೋ ಖಾರವನ್ನೋ ತಿನ್ನಬೇಕೆನ್ನಿಸುವುದಕ್ಕೆ ‘ಬಯಕೆ’ ಎಂದರೆ, ನಮ್ಮಲ್ಲಿ ಆ ಪದ ಬಸುರಿಯ ಬಯಕೆಗೆ ಮೀಸಲು. ನವವಿವಾಹಿತೆ ನಾಚಿ ಆ ಸಾಲನ್ನೇ ಬಿಟ್ಟುಬಿಡುತ್ತಾಳೆ. ಸ್ತನಗಳು ಮುಟ್ಟಿದರೆ ನೋಯುವುದನ್ನು ಇಂಗ್ಲಿಷಿನಲ್ಲಿ ಹೇಳುವ ಪದಕ್ಕೆ ‘ಮೃದು’ ಎಂಬ ಅರ್ಥವೂ ಇದೆ. ‘ಮೃದುತ್ವ’ ಎಂದು ಅನುವಾದಿಸಿದರೆ ನೋವು ಮಾಯವಾಗುತ್ತದೆ. ‘ಖಿನ್ನತೆ’ ಎಂಬ ಪದವನ್ನು ಪತ್ರಿಕೆ ಓದುವವರು ಬಲ್ಲರು. ಕಲ್ಲಿನ ಗಣಿಯಲ್ಲಿ ದುಡಿಯುವ ತಾಯಿಗೆ ಅದು ಅಪರಿಚಿತ. ‘ಜೀವ ಬ್ಯಾಸರ ಆಗೇದ’, ‘ಯಾವುದರಾಗೂ ಜೀವ ಹತ್ತವಲ್ದು’ ಎಂದರೆ ಕೂಡಲೇ ತಿಳಿಯುತ್ತಾಳೆ. ಹಾಗೆಯೇ ಆತಂಕಕ್ಕೆ ‘ಎದಿ ಧಡಧಡ ಅಂತದ’, ಸೊಂಟನೋವಿಗೆ ‘ಟೊಂಕ ಹಿಡ್ದದ’, ಸ್ನಾಯುನೋವಿಗೆ ‘ಕೈಕಾಲು ಹರೀತಾವ’ ಎಂಬ ಮಾತುಗಳೇ ಸರಿ.

ಪದ ಸರಿಯಾದರೂ ಪ್ರಶ್ನೆ ಹೊಂದದೆ ಹೋಗಬಹುದು. ಮೂಲದಲ್ಲಿ ತೂಕ ಹೆಚ್ಚಿತೇ ಎಂದಿದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ತೂಕದ ಯಂತ್ರವಿದೆ? ಬಳೆ, ಕಾಲುಂಗುರ, ಕುಪ್ಪಸ ಬಿಗಿಯಾದುವೇ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಹಗಲು ಮಲಗಿದಿರೇ ಎಂಬ ಪ್ರಶ್ನೆಯೂ ಹಾಗೆಯೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ನೆಲದಲ್ಲಿ ಮಧ್ಯಾಹ್ನದ ನಿದ್ರೆ ರೋಗಲಕ್ಷಣವಲ್ಲ. ಗ್ರೀಷ್ಮದಲ್ಲಿ ದಿವಾಸ್ವಪ್ನಕ್ಕೆ ಆಯುರ್ವೇದದ ಅನುಮತಿಯೂ ಇದೆ. ಆದ್ದರಿಂದ ‘ನಿಮ್ಮ ರೂಢಿಗಿಂತ ಹೆಚ್ಚು ಮಲಗಿದಿರೇ?’ ಎಂದು ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕೆಲಸದ ಪ್ರಶ್ನೆ. ‘ತೊಂದರೆಯಿಂದಾಗಿ ಕೆಲಸ ಕಡಿಮೆಯಾಯಿತೇ?’ ಎಂದರೆ ನಮ್ಮ ತಾಯಂದಿರ ಉತ್ತರ ‘ಇಲ್ಲ’ ಎಂದೇ. ತಲೆ ಸಿಡಿಯುತ್ತಿದ್ದರೂ ರೊಟ್ಟಿ ಬಡಿಯುವುದು ನಿಲ್ಲುವುದಿಲ್ಲ. ತೊಗರಿ ರಾಶಿಯ ದಿನ ಕೂಲಿ ತಪ್ಪಿಸುವಂತಿಲ್ಲ. ಹಾಗೆಂದು ಅಡಚಣೆಯೇ ಇಲ್ಲವೆಂದು ಬರೆದುಕೊಂಡರೆ ಅದು ಸುಳ್ಳು ಲೆಕ್ಕ. ‘ಕೆಲಸ ಮಾಡಿದಿರಿ, ಆದರೆ ಎಷ್ಟು ತ್ರಾಸಪಟ್ಟು ಮಾಡಿದಿರಿ?’ ಎಂಬುದು ಸರಿಯಾದ ಪ್ರಶ್ನೆ. ‘ಹವ್ಯಾಸ’ದ ಸ್ಥಾನದಲ್ಲಿ ಭಜನೆ, ಸ್ವಸಹಾಯ ಸಂಘದ ಸಭೆ, ನೆರೆಮನೆಯ ಕಾರ್ಯ ಎಂದಿರಲಿ. ಬಾಂಧವ್ಯವೆಂದರೆ ಗಂಡ, ಅತ್ತೆ, ಮಕ್ಕಳು ಎಂದು ಬಿಡಿಸಿ ಹೇಳಲಿ.

ಅಂಕಗಳ ವಿಷಯದಲ್ಲಿಯೂ ಯೋಚಿಸಬೇಕು. ‘ಎಂಟಾಣೆ ಕಡಿಮಿ ಆಗೇದ್ರಿ’ ಎಂದು ಹಿರಿಯ ತಾಯಂದಿರು ರೂಪಾಯಿಯ ಲೆಕ್ಕದಲ್ಲಿ ಬೇನೆಯನ್ನು ಅಳೆಯುವುದು ಇಂದಿಗೂ ಉಂಟು. ಅವರಿಗೆ ಆಣೆಯೇ ಅಳತೆಗೋಲು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಮಹಿಳಾ ಸಾಕ್ಷರತೆ ನೂರಕ್ಕೆ ಸುಮಾರು 55 ಇತ್ತು. ಓದಲಾಗದವರಿಗೆ ಚುಕ್ಕಿ ಮತ್ತು ಗೆರೆಗಳ ದಿನಚರಿ ಬೇಕು. ಗರ್ಭಿಣಿಯಾದಾಗ ‘ತಾಯಿ ಕಾರ್ಡ್’ ಅನ್ನು ಜೋಪಾನ ಮಾಡುವುದನ್ನು ನಮ್ಮ ಹೆಣ್ಣುಮಕ್ಕಳು ಕಲಿತಿದ್ದಾರೆ. ಜಪಾನಿನಲ್ಲಿ ತಾಯಿ-ಮಗುವಿನ ಆರೋಗ್ಯ ಪುಸ್ತಿಕೆ 1948ರಿಂದ ಮನೆಮನೆಯಲ್ಲಿದೆ. ಆರೋಗ್ಯದ ಕಾಗದ ಇಟ್ಟುಕೊಳ್ಳುವುದು ಎರಡೂ ಕಡೆ ಹೊಸ ಪದ್ಧತಿಯೇನಲ್ಲ.

ಮನೆಯಲ್ಲಿ ಬರೆಯುವ ಕ್ರಮ

ಶಾಸ್ತ್ರೀಯವಾಗಿ ಒರೆಗೆ ಹಚ್ಚಿದ ದಿನಚರಿ ವೈದ್ಯರ ಕೈಯ ಸಾಧನ. ಆದರೆ ವೈದ್ಯರಲ್ಲಿಗೆ ಹೋಗುವ ಮುಂಚೆ ಮನೆಯಲ್ಲಿಯೇ ಒಂದು ಸರಳ ದಿನಚರಿ ಇಡಬಹುದು. ಅದು ರೋಗನಿರ್ಣಯ ಮಾಡದು, ವೈದ್ಯರಿಗೆ ದಾರಿ ತೋರುತ್ತದೆ.

ಮಕ್ಕಳ ಹಳೆಯ ನೋಟ್‌ಬುಕ್ಕಾದರೂ ಸರಿ, ಗೋಡೆಯ ಕ್ಯಾಲೆಂಡರಾದರೂ ಸರಿ. ನಿಮ್ಮನ್ನು ಹೆಚ್ಚು ಕಾಡುವ ಐದಾರು ಲಕ್ಷಣಗಳನ್ನು ನಿಮ್ಮ ಮಾತಿನಲ್ಲಿಯೇ ಆರಿಸಿಕೊಳ್ಳಿರಿ. ಅವುಗಳಲ್ಲಿ ಎರಡಾದರೂ ಮನಸ್ಸಿಗೆ ಸಂಬಂಧಿಸಿರಲಿ. ರಾತ್ರಿ ಮಲಗುವ ಮುಂಚೆ ಒಂದೊಂದಕ್ಕೂ ಗುರುತು ಹಾಕಿರಿ: ಏನೂ ಇಲ್ಲದಿದ್ದರೆ ಸೊನ್ನೆ, ಸ್ವಲ್ಪವಿದ್ದರೆ ಒಂದು ಗೆರೆ, ತ್ರಾಸಪಟ್ಟು ಕೆಲಸ ಮಾಡಿದ್ದರೆ ಎರಡು, ತಡೆಯಲಾಗದಷ್ಟಿದ್ದರೆ ಮೂರು. ಮುಟ್ಟಿನ ದಿನಗಳಿಗೆ ಕೆಂಪು ಚುಕ್ಕಿ ಇಡಿರಿ. ನೆಮ್ಮದಿಯ ದಿನದಂದೂ ಸೊನ್ನೆ ಹಾಕಲು ಮರೆಯಬಾರದು, ಏಕೆಂದರೆ ವೈದ್ಯನು ಮೊದಲು ಹುಡುಕುವುದು ಆ ಸೊನ್ನೆಗಳನ್ನೇ. ಒಂದು ದಿನ ತಪ್ಪಿದರೆ ಖಾಲಿ ಬಿಡಿರಿ, ನೆನೆಸಿಕೊಂಡು ತುಂಬಬೇಡಿರಿ. ಪುಸ್ತಕದ ಮೇಲೆ ‘ಮುಟ್ಟಿನ ತೊಂದರೆ’ ಎಂದು ಬರೆಯದೆ ‘ದಿನಚರಿ’ ಎಂದಷ್ಟೇ ಬರೆಯಿರಿ. ಅದರಿಂದ ಗುಟ್ಟೂ ಉಳಿಯುತ್ತದೆ, ತೊಂದರೆ ಬಂದೇ ಬರುತ್ತದೆಂಬ ನಿರೀಕ್ಷೆಯಿಂದ ಗುರುತು ಹಾಕುವುದೂ ತಪ್ಪುತ್ತದೆ. ಹೀಗೆ ಎರಡು ಮುಟ್ಟು ಕಳೆಯುವವರೆಗೆ ಬರೆಯಿರಿ.

ಗೆರೆಗಳು ಹೇಳುವುದೇನು?

ಮುಟ್ಟಿಗೆ ಮುಂಚಿನ ವಾರದಲ್ಲಿ ಗೆರೆಗಳು ದಟ್ಟವಾಗಿ, ಮುಟ್ಟು ಮುಗಿದ ಮುಂದಿನ ವಾರದಲ್ಲಿ ಬಹುತೇಕ ಸೊನ್ನೆಗಳೇ ಇದ್ದರೆ, ಎರಡು ತಿಂಗಳೂ ಹಾಗೆಯೇ ಇದ್ದರೆ, ಪಿ.ಎಂ.ಎಸ್. ಇರುವ ಸಂಭವ ಹೆಚ್ಚು. ಗೆರೆಗಳು ತಿಂಗಳಿಡೀ ಹರಡಿದ್ದರೆ ಬೇರೆ ಕಾರಣ ಹುಡುಕಬೇಕು. ತಿಂಗಳಿಡೀ ಸುಸ್ತಿದ್ದರೆ ರಕ್ತಹೀನತೆಯನ್ನು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ಅದು ಇದೆ. ಥೈರಾಯ್ಡ್ ತೊಂದರೆಯೂ ಇರಬಹುದು. ತಿಂಗಳಿಡೀ ಮನಸ್ಸು ಕುಗ್ಗಿದ್ದರೆ ಅದು ಖಿನ್ನತೆಯ ರೋಗವಿರಬಹುದು. ಮೊದಲೇ ಇದ್ದ ರೋಗ ಮುಟ್ಟಿಗೆ ಮುಂಚೆ ಉಲ್ಬಣಿಸುವುದೂ ಉಂಟು. ನೋವು ಮುಟ್ಟಿನ ದಿನಗಳಲ್ಲಿ ಮಾತ್ರ ತೀವ್ರವಾಗಿದ್ದರೆ ಅದು ಕಷ್ಟಾರ್ತವ, ಅದರ ಚಿಕಿತ್ಸೆ ಬೇರೆ.

ದಿನಚರಿಯಿಲ್ಲದಿದ್ದರೆ ಎರಡು ಬಗೆಯ ಅನ್ಯಾಯವಾಗುತ್ತದೆ. ಖಿನ್ನತೆಯಿಂದ ಬಳಲುವವಳಿಗೆ ‘ಇದೆಲ್ಲ ಮುಟ್ಟಿನದು, ಹೋಗುತ್ತದೆ’ ಎನ್ನುತ್ತಾರೆ. ಪಿ.ಎಂ.ಡಿ.ಡಿ.ಯಿಂದ ನರಳುವವಳಿಗೆ ‘ಸ್ವಭಾವವೇ ಕೆಟ್ಟದ್ದು’ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಂಕಿದೆಯೆಂದು ದಾರ ಕಟ್ಟಿಸುತ್ತಾರೆ. ಇಬ್ಬರಿಗೂ ಚಿಕಿತ್ಸೆ ತಪ್ಪುತ್ತದೆ.

ಮುಂದೇನು?

ಸೌಮ್ಯ ತೊಂದರೆಗೆ ಆಹಾರ-ವಿಹಾರಗಳೇ ಮೊದಲ ಔಷಧ. ಆ ವಾರ ಉಪ್ಪು, ಚಹ, ಕರಿದ ಪದಾರ್ಥ ಕಡಿಮೆ ಮಾಡುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಎಳ್ಳೆಣ್ಣೆಯ ಅಭ್ಯಂಗ, ನಿತ್ಯ ನಡಿಗೆ, ತಪ್ಪದ ನಿದ್ರೆ ಹಿತಕರ. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನಡೆಸಿದ 1998ರ ಅಮೆರಿಕದ ಅಧ್ಯಯನವೊಂದರಲ್ಲಿ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಿಗಿಂತ ಕ್ಯಾಲ್ಸಿಯಂ ಪಡೆದವರಲ್ಲಿ ಲಕ್ಷಣಗಳು ಹೆಚ್ಚು ಇಳಿದುವು. ಮೊಸರು, ಎಳ್ಳು, ನುಗ್ಗೆಸೊಪ್ಪು ನಮ್ಮ ಅಡಿಗೆಮನೆಯ ಕ್ಯಾಲ್ಸಿಯಂ. ಮಾತ್ರೆಯಾದರೆ ವೈದ್ಯರ ಸಲಹೆ ಬೇಕು. ಅಶೋಕ, ಶತಾವರಿ ಮೊದಲಾದ ದ್ರವ್ಯಗಳನ್ನೂ ಪ್ರಕೃತಿ ನೋಡಿ ವೈದ್ಯರೇ ಕೊಡಬೇಕು. ಅಂಗಡಿಯಿಂದ ಬಾಟಲಿ ತಂದು ಕುಡಿಯುವುದು ತರವಲ್ಲ.

ಪಿ.ಎಂ.ಡಿ.ಡಿ.ಯಲ್ಲಿ ಮನೋವೈದ್ಯರು ಕೊಡುವ ಕೆಲವು ಮಾತ್ರೆಗಳು ಪರಿಣಾಮಕಾರಿಯೆಂದು ಸಿದ್ಧಪಟ್ಟಿವೆ. ನಾನು ಆಯುರ್ವೇದ ವೈದ್ಯನಾದರೂ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ: ಅಂಥ ಮಾತ್ರೆಗಳನ್ನು ಅಂಜಿಕೆಯಿಂದ ನಿರಾಕರಿಸಬಾರದು, ಆರಂಭಿಸಿದ್ದನ್ನು ತಾವಾಗಿಯೇ ನಿಲ್ಲಿಸಲೂ ಬಾರದು. ಬದುಕು ಸಾಕೆನ್ನಿಸುವ ವಿಚಾರ ಬಂದರೆ ಎರಡು ತಿಂಗಳ ದಿನಚರಿಗಾಗಿ ಕಾಯುವಂತಿಲ್ಲ. ಅಂದೇ ಮನೆಯವರಿಗೆ ಹೇಳಬೇಕು, ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಿಗೆ ಒಂದು ಮಾತು

ಬಸವಾದಿ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಮುಟ್ಟು ಮೈಲಿಗೆಯಲ್ಲವೆಂಬುದು ಈ ಮಾಸಿಕದ ಓದುಗರಿಗೆ ಹೊಸ ಮಾತಲ್ಲ. ಆದರೂ ಎಷ್ಟೋ ಮನೆಗಳಲ್ಲಿ ‘ಹೊರಗಾಗುವ’ ಪದ್ಧತಿ ಉಳಿದಿದೆ. ಅಲ್ಲಿ ಮುಟ್ಟಿನ ದಿನಗಳನ್ನು ಮನೆಯೆಲ್ಲ ಬಲ್ಲದು, ಅದಕ್ಕೆ ಮುಂಚಿನ ವಾರದ ಸಂಕಟವನ್ನು ಯಾರೂ ಅರಿಯರು. ಮರೆಮಾಚಬೇಕಾದ ಮಾತೆಂಬ ಭಾವನೆ ಹೋಗದೆ ದಿನಚರಿಯಲ್ಲಿ ಸತ್ಯ ಬರೆಯಲಾಗದು. ಸೊಸೆ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದರೆ ಅತ್ತೆ ‘ಏನದು?’ ಎಂದು ಕಸಿದು ನೋಡದಿರಲಿ. ಗಂಡನಾದವನು ಜಗಳದ ಹೊತ್ತಿನಲ್ಲಿ ‘ನಿನ್ನ ದಿನ ಹತ್ತಿರ ಬಂತು’ ಎಂದು ಅದನ್ನೇ ಆಯುಧ ಮಾಡಿಕೊಳ್ಳದಿರಲಿ. ಹೆಂಡತಿಯ ಸಿಟ್ಟಿಗೆ ಕೆಲವೊಮ್ಮೆ ನ್ಯಾಯವಾದ ಕಾರಣವೂ ಇರುತ್ತದೆ!

ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ತಾಯಂದಿರು, ಪ್ರೌಢಶಾಲೆಯ ಶಿಕ್ಷಕಿಯರು ತಮ್ಮ ಊರಿನ ಹೆಣ್ಣುಮಕ್ಕಳು ಈ ತೊಂದರೆಗಳಿಗೆ ಬಳಸುವ ಮಾತುಗಳನ್ನು ಸಂಗ್ರಹಿಸಿದರೆ ದೊಡ್ಡ ಉಪಕಾರವಾದೀತು. ಚಿಂಚೋಳಿಯ ತಾಂಡಾದ ಮಾತು, ಶಹಾಬಾದದ ಓಣಿಯ ಮಾತು, ಸೇಡಂ ಹೊಲದ ಮಾತು ಎಲ್ಲವೂ ಬೇಕು. ನಮ್ಮ ಸೀಮೆಗೆ ಒಪ್ಪುವ ದಿನಚರಿಯನ್ನು ಶಾಸ್ತ್ರೀಯವಾಗಿ ಸಿದ್ಧಪಡಿಸುವವರಿಗೆ ಮೊದಲು ಬೇಕಾಗುವ ಸಾಮಗ್ರಿ ಅದೇ. ಅಲ್ಲಿಯವರೆಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು, ರಾತ್ರಿಯ ಎರಡು ನಿಮಿಷ ಸಾಕು. ಎರಡು ತಿಂಗಳ ಪುಟಗಳನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಿರಿ.